ದ್ವಿತೀಯ ದರ್ಜೆಯ ಉಮೇದುವಾರ

ಹೊಸ ಕರಿಕೋಟಿನ ಬಿಗಿ ಇನ್ನೂ ಸಡಿಲಗೊಳ್ಳದ, ಕೊರಳಿನ ಬಿಳಿಯ ಪಟ್ಟಿಗೆ ಇನ್ನೂ ಚಹಾದ ಕಲೆಯ ದೀಕ್ಷೆಯಾಗದ, ಕಂಕುಳಲ್ಲಿ ಫೈಲೊಂದನ್ನು ಅವುಚಿಕೊಂಡು ಬಾಗಲಕೋಟೆಯ ನವನಗರದ ನ್ಯಾಯಾಲಯದ ಆವರಣದಲ್ಲಿ ಎದುರಾದ ವಕೀಲರಿಗೆಲ್ಲ ಸಮಾನ ವಿನಯದಿಂದ ನಮಸ್ಕರಿಸುತ್ತ, ಆ ಭರದಲ್ಲಿ ಬೇಲಿಫನಿಗೂ ಕೈಮುಗಿದುಬಿಡುವ ತರುಣನೊಬ್ಬನನ್ನು ನೀವು ಕಂಡಿರಾದರೆ, ಆತನೇ ನಮ್ಮ ದ್ವಿತೀಯ ದರ್ಜೆಯ ಉಮೇದುವಾರನೆಂದು ತಿಳಿಯತಕ್ಕದ್ದು. ಸನ್ನದು ಕೈಸೇರಿದೆ, ವಕೀಲರ ಅಖಿಲ ಭಾರತ ಪರೀಕ್ಷೆಯೂ ಮುಗಿದಿದೆ, ಹಿರಿಯ ವಕೀಲರೊಬ್ಬರ ಕಚೇರಿಯಲ್ಲಿ ಕೂಡಲು ಒಂದು ಕುರ್ಚಿ ಮಾತ್ರ ದೊರೆತಿಲ್ಲ. ನೂರಕ್ಕೆ ಐವತ್ತೊಂದು ಎಂಬ ತನ್ನ ಅಂಕವೇ ಅದಕ್ಕೆ ಕಾರಣವೆಂದು ನಂಬಿರುವ ಆತನು, ಯಾರೂ ಹೊರಿಸದ ಆ ದೋಷಾರೋಪಕ್ಕೆ ಹಗಲಿರುಳೂ ಪ್ರತಿವಾದವನ್ನು ಸಿದ್ಧಪಡಿಸುತ್ತಿರುತ್ತಾನೆ.

ಆಲಮಟ್ಟಿಯ ಹಿನ್ನೀರಿಗೆ ಹೊಲಮನೆಗಳನ್ನು ಒಪ್ಪಿಸಿದ ಈ ಸೀಮೆಯಲ್ಲಿ, ಸರಕಾರವು ಗೊತ್ತುಪಡಿಸಿದ ಮೊದಲ ಮೊತ್ತವೇ ಅಂತಿಮವೆಂದು ಸುಮ್ಮನಾದವರು ವಿರಳ. ಹೆಚ್ಚಿನ ಪರಿಹಾರಕ್ಕೆ ದಾರಿ ತೆರೆಯುವ 1894ರ ಭೂಸ್ವಾಧೀನ ಕಾಯಿದೆಯ 18ನೆಯ ಕಲಮು ಇಲ್ಲಿಯ ಒಕ್ಕಲುಮಕ್ಕಳಿಗೆ ಬಾಯಿಪಾಠವಾಗಿತ್ತು. ಇಂಥ ಗಾಳಿಯಲ್ಲಿ ಬೆಳೆದವನಾದ್ದರಿಂದ ಉಮೇದುವಾರನೂ ತನ್ನ ಉತ್ತರಪತ್ರಿಕೆಗಳನ್ನು ಮುಳುಗಡೆಯಾದ ಜಮೀನೆಂದೇ ಭಾವಿಸಿ ಮರುಮೌಲ್ಯಮಾಪನಕ್ಕೆ ಶುಲ್ಕ ಕಟ್ಟಿದನು. ಪರಿಹಾರವಾಗಿ ಎರಡು ಅಂಕಗಳು ಲಭಿಸಿದುವು, ದರ್ಜೆಯು ಮಾತ್ರ ಸ್ಥಾನಪಲ್ಲಟಕ್ಕೆ ಒಪ್ಪಲಿಲ್ಲ.

ಆಗ ಹಿರಿಯ ವಕೀಲರ ಮುಂದಿಡಲೆಂದು ಆತನು ರಚಿಸಿದ ಅರ್ಜಿಯು ಅವಲೋಕನಯೋಗ್ಯವಾದುದು. ಅವಧಿ ಮೀರಿದ ಅಪೀಲಿನ ವಿಳಂಬವನ್ನು ಮನ್ನಿಸಬೇಕೆಂದು ಪರಿಮಿತಿ ಕಾಯಿದೆಯ 5ನೆಯ ಕಲಮಿನಡಿ ಬೇಡಿಕೊಳ್ಳುವ ಕ್ರಮದಲ್ಲಿಯೇ, ಅಂಕಗಳ ಕೊರತೆಯನ್ನು ಮನ್ನಿಸಬೇಕೆಂದು ಪ್ರಾರ್ಥಿಸಿ, ಸಮರ್ಪಕ ಕಾರಣಗಳನ್ನು ಅನುಕ್ರಮವಾಗಿ ನಿರೂಪಿಸಿದ್ದನು: ಮೂರನೆಯ ಸೆಮಿಸ್ಟರಿನಲ್ಲಿ ಕಾಮಾಲೆ, ನಾಲ್ಕರಲ್ಲಿ ಅಕ್ಕನ ಮದುವೆ, ಐದರಲ್ಲಿ ಬನಶಂಕರಿ ಜಾತ್ರೆ ಮತ್ತು ಅಲ್ಲಿ ಬೀಡುಬಿಟ್ಟ ನಾಟಕ ಕಂಪನಿಗಳು.

ಬಾಗಲಕೋಟೆಯ ಹಿರಿಯರು ಈ ಅರ್ಜಿಯನ್ನು ಮಗುಚಿಟ್ಟು, "ಯಾವೂರಪಾ ನಿಂದು? ಆಣೆಕಟ್ಟ 524.256 ಮೀಟರಿಗೆ ಏರಿಸಿದ್ರ ಮುಳುಗೂ ಊರಾಗ ಬರತೈತೇನು?" ಎಂದು ವಿಚಾರಿಸಿದರು. ಮುಳುಗಡೆಯ ಊರಿನ ಹುಡುಗನೆಂದರೆ ಪಕ್ಷಗಾರರ ಸಮೂಹವನ್ನೇ ಬೆನ್ನಿಗೆ ಕಟ್ಟಿಕೊಂಡು ಬರುವವನಷ್ಟೆ. ಉಮೇದುವಾರನು ತನ್ನ ಊರು ಎತ್ತರದಲ್ಲಿರುವುದಕ್ಕಾಗಿ ಜೀವನದಲ್ಲಿ ಪ್ರಥಮಬಾರಿಗೆ ಖೇದಗೊಂಡನು.

ಬಾದಾಮಿಯವರು ಕೇಳಿದ್ದು ಕೈಬರಹವನ್ನು. ಕ್ರಿ.ಶ. 543ರಲ್ಲಿ ಮೊದಲನೆಯ ಪುಲಕೇಶಿಯು ಬಂಡೆಯ ಮೇಲೆ ಬರೆಸಿದ ಶಾಸನವು ಇಂದಿಗೂ ಓದಿಸಿಕೊಳ್ಳುತ್ತಿರುವ ಆ ಊರಿನಲ್ಲಿ, ಉಮೇದುವಾರನು ಮುಂಜಾನೆ ಬರೆದುಕೊಟ್ಟ ಅರ್ಧ ಪುಟವನ್ನು ಮಧ್ಯಾಹ್ನ ಅವನೇ ಓದಲಾರದಾದನು. ಹುನಗುಂದದವರು ಕೇಳಿದ್ದು ಮೋಟಾರ್ ಸೈಕಲ್ಲನ್ನು. ಅದು ತಮ್ಮನ ಅಧೀನದಲ್ಲಿತ್ತು. 2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆಯು ಜಾರಿಗೆ ಬಂದು, 420 ಎಂಬ ಜಗತ್ಪ್ರಸಿದ್ಧ ಕಲಮು 318ರೊಳಗೆ ಅಡಗಿ, ಮೂವತ್ತು ವರ್ಷದ ಅನುಭವಿಗಳೂ ಚಿನ್ನದ ಪದಕದವರೂ ತನ್ನೊಂದಿಗೆ ಒಂದೇ ಪಂಕ್ತಿಯಲ್ಲಿ ಕುಳಿತು ಹೊಸ ಅಂಕಿಗಳನ್ನು ಉರುಹೊಡೆಯುವಂತಾದುದೊಂದೇ ಆ ದಿನಗಳಲ್ಲಿ ಆತನಿಗಿದ್ದ ಸಮಾಧಾನ.

ಕಟ್ಟಕಡೆಗೆ ಇಳಕಲ್ಲಿನಲ್ಲಿ, ಸೀರೆಯ ವ್ಯಾಪಾರಿಗಳೂ ಗ್ರಾನೈಟಿನ ಧಣಿಗಳೂ ಮರಳಿಬಂದ ಚೆಕ್ಕುಗಳನ್ನು ಹಿಡಿದು ಕಾದಿರುವ ಒಂದು ಕಚೇರಿಯಲ್ಲಿ, ವೃದ್ಧ ವಕೀಲರೊಬ್ಬರು ಅಂಕಪಟ್ಟಿಯನ್ನು ಸಾಕ್ಷಾತ್ ಓದಿದರು, ಓದಿ ಪ್ರಸನ್ನರಾದರು.

"ಫಸ್ಟ್ ಕ್ಲಾಸ್ ಹುಡುಗೂರು ಇಲ್ಲಿ ನಿಲ್ಲೂದಿಲ್ಲೋ ತಮ್ಮಾ. ವರ್ಷದಾಗ ಧಾರವಾಡ ಪೀಠ, ಎರಡ ವರ್ಷಕ್ಕ ಬೆಂಗಳೂರು. ಈ ಮಾರ್ಕ್ಸ್ ತೊಗೊಂಡು ನೀ ಎಲ್ಲಿಗಿ ಹೋಗ್ತಿ? ನಾಳಿಂದ ಬಾ."

ಧಾರವಾಡದಲ್ಲಿ 2008ರಲ್ಲಿ ಸಂಚಾರಿ ಪೀಠವಾಗಿ ಆರಂಭಗೊಂಡು 2013ರಲ್ಲಿ ಖಾಯಮ್ಮಾದ ಉಚ್ಚ ನ್ಯಾಯಾಲಯವು ತನ್ನ ಪಾಲಿಗೆ ಇಂಥ ಉಪಕಾರವನ್ನು ಮಾಡೀತೆಂದು ಆತನು ಕನಸಿನಲ್ಲಿಯೂ ಎಣಿಸಿರಲಿಲ್ಲ. ಅಂಕದೋಷವೇ ಅರ್ಹತೆಯಾಗಿ ಪರಿಣಮಿಸಿದ ಆ ಹರ್ಷದಲ್ಲಿ ಧೈರ್ಯವೂ ಹುಟ್ಟಿ, ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರದಲ್ಲಿ ಹೊರಡಿಸಿದ ಸುತ್ತೋಲೆಯನ್ನು ಮುಂದಿಟ್ಟು, ನಗರದವರಿಗೆ ಹೇಳಿದ 20,000 ರೂಪಾಯಿಗಳನ್ನು ತಾನು ಅಪೇಕ್ಷಿಸುವವನಲ್ಲವೆಂದೂ, ಗ್ರಾಮೀಣ ಭಾಗದ ಮಾಸಿಕ 15,000ದಿಂದಲೇ ತೃಪ್ತನೆಂದೂ ಅರಿಕೆ ಮಾಡಿಕೊಂಡನು.

ವೃದ್ಧರು ಚಾಳೀಸು ಏರಿಸಿ ಕೊನೆಯ ಸಾಲಿನವರೆಗೂ ಓದಿದರು.

"ಇದು ಶಿಫಾರಸು ಐತಿ, ಆದೇಶ ಅಲ್ಲ. ಈ ಫರಕು ತಿಳಕೊಳ್ಳಾಕ ನಮ್ಮ ಸೀನಿಯರ್ ಕಡೆ ನಾ ಮೂರ ವರ್ಷ ಪುಕ್ಕಟ ದುಡದೀನಿ. ನಿನಗ ಮೊದಲನೇ ದಿನಾನ ಹೇಳಿಕೊಟ್ಟೀನಿ, ನೋಡು."

ಆ ಹೊತ್ತಿಗೆ ಸರಿಯಾಗಿ ಕಾರಕೂನನು, ಪಕ್ಷಗಾರರು ಬಂದಿರುವರೆಂದೂ ಐದು ಚಹಾ ಹೇಳಿಬರಬೇಕೆಂದೂ ಹೊಸ ವಕೀಲರಿಗೆ ನಿರೂಪವಿತ್ತನು. ಅದು ಶಿಫಾರಸಲ್ಲ, ಆದೇಶವೆಂಬುದು ಉಮೇದುವಾರನಿಗೆ ಹೇಳದೆಯೇ ತಿಳಿಯಿತು.