ಊರಿಗೊಬ್ಬ ಡಿಬಿಎ

ಗೌನಿಪಲ್ಲಿ ಕಡೆಯ ಹುಡುಗ ಬೆಂಗಳೂರಿನಲ್ಲಿ ಡಾಕ್ಟರಾದರೆ ಊರಿಗೆ ಅರ್ಥವಾಗುತ್ತದೆ. ಲಾಯರಾದರೆ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಡೇಟಾಬೇಸ್ ಅಡ್ಮಿನಿಸ್ಟ್ರೇಟರ್, ಅಂದರೆ ಡಿಬಿಎ ಆದನೋ, ಕಷ್ಟ.

"ಸಾಫ್ಟ್‌ವೇರ್ ಮಾಡ್ತೀಯಾ?"

"ಇಲ್ಲ ಮಾಮ, ಬೇರೆಯವರು ಮಾಡಿಟ್ಟಿದ್ದು ಬೀಳದ ಹಾಗೆ ನೋಡ್ಕೋತೀನಿ."

"ಓ, ವಾಚ್‌ಮನ್ನು."

ಅವನು ವಾದಕ್ಕಿಳಿಯುವುದಿಲ್ಲ. ರಾತ್ರಿ ಪಾಳಿ ನೆನಪಾಗುತ್ತದೆ.

ಹಬ್ಬಕ್ಕೆ ಬಂದರೂ, ಮದುವೆಗೆ ಬಂದರೂ ಲ್ಯಾಪ್‌ಟಾಪ್ ಚೀಲ ಹೆಗಲು ಬಿಡುವುದಿಲ್ಲ. ಪಂಕ್ತಿಯಲ್ಲಿ ಹುಳಿ ಬೀಳುವ ಹೊತ್ತಿಗೆ ಸರಿಯಾಗಿ ಫೋನು. ಎಡಗೈಯಲ್ಲಿ ಚೀಲ, ಬಲಗೈಯಲ್ಲಿ ಎಂಜಲು, ಸಿಗ್ನಲ್ ಹುಡುಕುತ್ತ ಮಾವಿನ ತೋಪಿನತ್ತ ನಡಿಗೆ. ಎಲ್ಲೋ ಒಂದು ಬ್ಯಾಂಕು ನಿಂತುಹೋಗಿದೆಯೆಂದು ಊಟಕ್ಕೆ ಕೂತವರೆಲ್ಲ ಗೌರವದಿಂದ ನೋಡುತ್ತಾರೆ. ನಿಜಕ್ಕೂ ನಿಂತಿರುತ್ತದೆ. ಕಾರಣ ಮಾತ್ರ ಡಿಸ್ಕ್ ತುಂಬಿದ್ದು. ಹಳೇ ಲಾಗ್ ಫೈಲುಗಳನ್ನು ಅಳಿಸಿ ವಾಪಸ್ ಬರುವಷ್ಟರಲ್ಲಿ ಪಾಯಸ ಮುಂದಕ್ಕೆ ಹೋಗಿರುತ್ತದೆ. ಇನ್ನು ವ್ಯವಸ್ಥೆ ನಿಧಾನವಾದ ದಿನ, ಡೆವಲಪರ್ ಡೇಟಾಬೇಸ್ ಮೇಲೆ ಹೇಳುತ್ತಾನೆ, ಇವನು ಕ್ವೆರಿ ಮೇಲೆ ಹೇಳುತ್ತಾನೆ, ಕೊನೆಗೆ ಇಬ್ಬರೂ ಸೇರಿ ನೆಟ್‌ವರ್ಕ್ ಮೇಲೆ ಹೇಳುತ್ತಾರೆ. ಬಾಂದುಕಲ್ಲಿನ ಹತ್ತಿರ ನಿಂತ ದಾಯಾದಿಗಳೂ ಇಷ್ಟು ಚೆನ್ನಾಗಿ ಜಗಳವಾಡಲಾರರು.

ಅವನಿಗೊಂದು ಚಾಳಿ: ಎಲ್ಲಿ ಏನು ಬರೆದಿಟ್ಟಿದ್ದು ಕಂಡರೂ ಬ್ಯಾಕಪ್ ಕೇಳುವುದು. ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ತೋತಾಪುರಿ, ಬಾದಾಮಿ ಲೆಕ್ಕದ ಪುಸ್ತಕ ನೋಡಿ ಮಂಡಿ ಯಜಮಾನರನ್ನೂ ಕೇಳಿದ. "ಇದೆಯಲ್ಲಪ್ಪ," ಅಂದರು ಅವರು, "ನಮ್ಮ ಮನೆಯವಳಿಗೆ ಎಲ್ಲಾ ಬಾಯಿಪಾಠ."

ಪ್ರತಿ ದಾಖಲೆಗೂ ಬೇರೊಂದಕ್ಕಿಲ್ಲದ ಗುರುತು ಬೇಕು ಅನ್ನುವುದು ಅವನ ಧರ್ಮ. ಕೋಷ್ಟಕಗಳ ಈ ಶಾಸ್ತ್ರವನ್ನು ಐಬಿಎಂನಲ್ಲಿದ್ದ ಎಡ್ಗರ್ ಕಾಡ್ ಬರೆದು ಪ್ರಕಟಿಸಿದ್ದು 1970ರಲ್ಲಿ. ಊರಿನಲ್ಲಿ ಅದಕ್ಕೂ ಮುಂಚಿನಿಂದ ಬೋರ್‌ವೆಲ್ ನಾರಾಯಣಸ್ವಾಮಿ, ಟೊಮ್ಯಾಟೊ ನಾರಾಯಣಸ್ವಾಮಿ, ಮೂಲೆಮನೆ ನಾರಾಯಣಸ್ವಾಮಿ ಎಂದು ಕೆಲಸ ನಡೆಯುತ್ತಿತ್ತು. (ಟೊಮ್ಯಾಟೊ ಆಮೇಲೆ ಬಂದಿರಬಹುದು, ಪದ್ಧತಿ ಹಳೆಯದು.)

ಅವನ ನಿಜವಾದ ಕಂಟಕ 'ಭೂಮಿ' ಯೋಜನೆ. 2000ರ ಆಸುಪಾಸಿನಲ್ಲಿ ರಾಜ್ಯದ ಕೈಬರಹದ ಪಹಣಿಗಳೆಲ್ಲ ಕಂಪ್ಯೂಟರಿಗೆ ಹೋದವು: 177 ತಾಲ್ಲೂಕು, ಸುಮಾರು 67 ಲಕ್ಷ ರೈತರು, 2 ಕೋಟಿಯಷ್ಟು ದಾಖಲೆ. ಪಹಣಿ ಕಂಪ್ಯೂಟರಿನಲ್ಲಿದೆ, ನಮ್ಮ ಹುಡುಗನೂ ಕಂಪ್ಯೂಟರಿನಲ್ಲಿದ್ದಾನೆ, ಊರು ಕೂಡಿಸಿ ಲೆಕ್ಕ ಹಾಕಿತು. ಮನೆಮಾತು ತೆಲುಗು, ಪಹಣಿ ಕನ್ನಡ. ಹೆಸರು ಅಲ್ಲಲ್ಲಿ ಸೊಟ್ಟಗಾಗದೆ ಇರುತ್ತದೆಯೇ? ಅವನು ಭಾನುವಾರ ಜಗಲಿಗೆ ಬಂದು ಕೂತರೆ ಸಾಕು.

"ಒಂಬತ್ತನೇ ಕಾಲಂನಲ್ಲಿ ನಮ್ಮಪ್ಪನ ಹೆಸರಿಗೆ ಒಂದು ಕೊಂಬು ಜಾಸ್ತಿ ಬಂದಿದೆ, ತೆಗೆದುಬಿಡು. ಹನ್ನೊಂದನೇ ಕಾಲಂನಲ್ಲಿ ಸೊಸೈಟಿ ಸಾಲ ಇದೆ. ಹೇಗೂ ಕೂತಿದ್ದೀಯ, ಅದನ್ನೂ ಅಳಿಸು."

ಅದು ಸರ್ಕಾರದ್ದು, ನಾನು ಮುಟ್ಟುವ ಹಾಗಿಲ್ಲ ಎಂದರೆ ಯಾರೂ ನಂಬುವುದಿಲ್ಲ. ಬೆಂಗಳೂರಿಗೆ ಹೋದಮೇಲೆ ಜಂಬ ಬಂದಿದೆ, ಅಷ್ಟೆ.

ತಾತ ತೀರಿಕೊಂಡ ಮೇಲೆ ಪೌತಿ ಖಾತೆಗೆ ಅಪ್ಪ ಇವನನ್ನೇ ನಾಡಕಚೇರಿಗೆ ಕರೆದೊಯ್ದರು. ಕಂಪ್ಯೂಟರ್ ಮುಂದಿದ್ದ ಹುಡುಗ ತಲೆ ಎತ್ತಲಿಲ್ಲ. ಅರ್ಜಿ ಬೇಕು, ವಂಶವೃಕ್ಷ ಬೇಕು, ನೋಟಿಸ್ ಹೋಗಬೇಕು, ಮೇಲಿನವರು ಒಪ್ಪಬೇಕು, ಅಲ್ಲಿಯವರೆಗೆ ಒಂದಕ್ಷರವನ್ನೂ ಮುಟ್ಟುವುದಿಲ್ಲ ಎಂದ. ಡಿಬಿಎ ಕಣ್ಣರಳಿಸಿದ. ಇಷ್ಟು ಶಿಸ್ತಿನ ಮಾತು ಅವನ ಆಫೀಸಿನಲ್ಲಿ ಅವನೊಬ್ಬನೇ ಆಡುತ್ತಿದ್ದದ್ದು.

"ಸರಿಯಾಗೇ ಹೇಳ್ತಿದ್ದಾರಪ್ಪ," ಎಂದ. "ಯಾರ್ಯಾರೋ ಬಂದು ಕೇಳಿದ್ರು ಅಂತ ಹಾಗೆಲ್ಲ ಬದಲಾಯಿಸೋಕಾಗಲ್ಲ."

ಅಪ್ಪ ಹೊರಗೆ ಬರುವವರೆಗೂ ತಡೆದುಕೊಂಡರು.

"ನಿನ್ನನ್ನ ಕರ್ಕೊಂಡು ಬಂದಿದ್ದು ನಮ್ಮ ಪರವಾಗಿ ಮಾತಾಡೋಕೋ, ಅವರ ಪರವಾಗೋ?"