ಟೂರ್ ಭಾವ

ಹಾಸನದ ಕಡೆಯ ಯಾವ ನೆಂಟರ ಬಳಗವನ್ನು ತೆಗೆದುಕೊಂಡರೂ ಅದರಲ್ಲೊಬ್ಬರು ಟೂರ್ ಭಾವ ಇದ್ದೇ ಇರುತ್ತಾರೆ. ಕೆಲವರ ಮನೆಯಲ್ಲಿ ಅವರು ಚಿಕ್ಕಪ್ಪ, ಕೆಲವರಲ್ಲಿ ಸೋದರಮಾವ. ನಮ್ಮಲ್ಲಿ ಅಕ್ಕನ ಗಂಡ. ನೀರಾವರಿ ಇಲಾಖೆಯಿಂದ ನಿವೃತ್ತರಾಗಿ ಹಾಸನದಲ್ಲೇ ಮನೆ ಕಟ್ಟಿಕೊಂಡವರು. ಕೈಯಲ್ಲಿ ಸದಾ ಇನ್ನೂರು ಪುಟದ ನೋಟ್‌ಬುಕ್ಕು, ಅದರ ರಟ್ಟಿನ ಮೇಲೆ ಕೆಂಪು ಶಾಯಿಯಲ್ಲಿ ‘ಜಲಪಾತ ದರ್ಶನ – ನಾಲ್ಕು ದಿನ’. ಇಸವಿ ಹಾಕಿಲ್ಲ. ಹಾಕಿದರೆ ಪ್ರತಿ ವರ್ಷ ತಿದ್ದಬೇಕಾಗುತ್ತದೆ ಎಂಬ ಮುಂದಾಲೋಚನೆ.

ಮುಂಗಾರು ಶುರುವಾದರೆ ಭಾವ ಪೇಪರಿನಲ್ಲಿ ರಾಜಕೀಯ ಓದುವುದನ್ನು ಬಿಡುತ್ತಾರೆ. ಅವರಿಗೆ ಬೇಕಾದದ್ದು ಮೂಲೆಯಲ್ಲಿರುವ ಜಲಾಶಯ ಮಟ್ಟದ ಚೌಕ. ಗೊರೂರಿನ ಹೇಮಾವತಿಗೆ ಪೂರ್ಣ ಮಟ್ಟ 2922 ಅಡಿ, ಲಿಂಗನಮಕ್ಕಿಗೆ 1819. ಗೊರೂರು ನೋಡುವುದು ಹಳೇ ಚಾಕರಿಯ ಋಣಕ್ಕೆ, ಲಿಂಗನಮಕ್ಕಿ ನೋಡುವುದು ಜೋಗದ ಆಸೆಗೆ. ಅಲ್ಲಿ ಗೇಟು ಎತ್ತಿದರೆ ಜೋಗದಲ್ಲಿ ರಾಜ, ರಾಣಿ, ರೋರರ್, ರಾಕೆಟ್ ಯಾವುದು ಯಾವುದೆಂದು ಗೊತ್ತಾಗದ ಹಾಗೆ 830 ಅಡಿ ಮೇಲಿಂದ ನೀರು ಬೀಳುತ್ತದೆ. ಎತ್ತದಿದ್ದರೆ? ‘ಬಂಡೆ ನೋಡ್ಕೊಂಡು ಬರ್ಬೇಕು. ಬಂಡೆ ನೋಡೋಕೆ ಶ್ರವಣಬೆಳಗೊಳ ಸಾಲದೇನಪ್ಪಾ?’ ಎನ್ನುತ್ತಾರೆ ಭಾವ.

ನೋಟ್‌ಬುಕ್ಕಿನೊಳಗೆ ಒಂದೊಂದು ಜಲಪಾತಕ್ಕೂ ಒಂದೊಂದು ಸಾಲು. ಪ್ರತಿ ಸಾಲಿಗೂ ಕಾಲಂಗಳು: ಹೊರಡುವ ಸಮಯ, ತಲುಪುವ ಸಮಯ, ಕಿಲೋಮೀಟರು, ಮೆಟ್ಟಿಲು, ಇಂಬಳ, ಷರಾ. ಇಂಬಳದ ಕಾಲಂನಲ್ಲಿ ‘ಇವೆ’, ‘ಬಹಳ ಇವೆ’ ಎಂಬ ಎರಡೇ ಉತ್ತರ. ಮೊದಲ ದಿನ ಸಕಲೇಶಪುರ, ಮಂಜರಾಬಾದ್ ಕೋಟೆ, ಮೂಕನಮನೆ ಅಬ್ಬಿ. ಎರಡನೆಯ ದಿನ ಚಿಕ್ಕಮಗಳೂರಿನ ಮೇಲೆ ಕಲ್ಲತ್ತಿಗಿರಿ, ಹೆಬ್ಬೆ (ಷರಾ: ‘ಅರಣ್ಯ ಇಲಾಖೆ ಜೀಪು. ಸೊಂಟ ನೋವಿನವರು ಕೆಳಗೇ ಉಳಿಯತಕ್ಕದ್ದು’). ಮೂರನೆಯ ದಿನ ಶೃಂಗೇರಿ, ಕಿಗ್ಗದ ಹತ್ತಿರ ಸಿರಿಮನೆ, ಸಂಜೆಗೆ ಆಗುಂಬೆ. ನಾಲ್ಕನೆಯ ದಿನ ಜೋಗ, ರಾತ್ರಿಗೆ ಅರಸೀಕೆರೆ ಮಾರ್ಗವಾಗಿ ಮನೆ. ಮಳೆಗಾಲದಲ್ಲಿ ಆಗುಂಬೆಯ ಸೂರ್ಯಾಸ್ತಕ್ಕೆ ಹದಿನೈದು ನಿಮಿಷ ಯಾಕೆ ಇಟ್ಟಿದ್ದೀರಿ ಎಂದು ಕೇಳಿದರೆ, ‘ಕಾಣ್ಲಿಲ್ಲ ಅಂತ ಗೊತ್ತಾಗೋಕೂ ಟೈಮ್ ಬೇಕಲ್ಲ’ ಎಂದರು.

ಇಷ್ಟು ಪಕ್ಕಾ ಪ್ಲಾನಿಗೆ ಒಂದೇ ತೊಂದರೆ. ಜಲಪಾತಗಳೆಲ್ಲ ಹಾಸನದ ಪಡುವಣಕ್ಕೂ ಬಡಗಣಕ್ಕೂ ಇವೆ, ನೆಂಟರೆಲ್ಲ ಮೂಡಣಕ್ಕೂ ತೆಂಕಣಕ್ಕೂ ಇದ್ದಾರೆ. ದೊಡ್ಡಮ್ಮ ಚನ್ನರಾಯಪಟ್ಟಣ, ಭಾವನ ತಂಗಿ ಹೊಳೆನರಸೀಪುರ, ನಮ್ಮ ಷಡ್ಡಕ ಅರಕಲಗೂಡು ತಾಲ್ಲೂಕು. ಎಲ್ಲರೂ ಬಸ್ಸು ಹತ್ತಿ ಹಾಸನಕ್ಕೆ ಬಂದರೆ ಐದಕ್ಕೆ ಬಾಡಿಗೆ ಟಿಟಿ (ಟೆಂಪೋ ಟ್ರಾವೆಲರ್) ಬಿಡಬಹುದು. ಆ ಮಾತನ್ನು ಫೋನಿನಲ್ಲಿ ಆಡಿದ್ದಕ್ಕೆ ದೊಡ್ಡಮ್ಮ, ‘ಕರ್ಕೊಂಡು ಹೋಗೋರು ಬಾಗ್ಲಿಗೆ ಬಂದು ಕರೀತಾರೆ. ಬಸ್ಟ್ಯಾಂಡ್‌ಗೆ ಬಾ ಅನ್ನೋಕೆ ನಾನೇನು ಪಾರ್ಸೆಲ್ಲಾ?’ ಎಂದು ಫೋನಿಟ್ಟರು. ಸರಿ, ಸಕಲೇಶಪುರಕ್ಕೆ ಹೋಗಬೇಕಾದ ಗಾಡಿ ನಸುಕಿನಲ್ಲಿ ಬೆಂಗಳೂರು ದಿಕ್ಕಿಗೆ ಹೊರಟು, ಚನ್ನರಾಯಪಟ್ಟಣ ಮುಗಿಸಿ, ಹೊಳೆನರಸೀಪುರಕ್ಕೆ ಇಳಿದು, ಅರಕಲಗೂಡಿಗೆ ಹೊರಳುವ ಹಾಗೆ ನಕ್ಷೆ ಬದಲಾಯಿತು. ಒಂದೊಂದು ಮನೆಗೆ ಭಾವ ಇಟ್ಟಿರುವುದು ಹತ್ತು ನಿಮಿಷ. ನಮ್ಮ ಜಿಲ್ಲೆಯಲ್ಲಿ ಹತ್ತು ನಿಮಿಷಕ್ಕೆ ಚಪ್ಪಲಿ ಬಿಟ್ಟು ಒಳಗೆ ಬಂದು ‘ಏನೂ ಬೇಡ’ ಅನ್ನುವುದಷ್ಟೇ ಸಾಧ್ಯ. ಆಮೇಲೆ ಉಪ್ಪಿಟ್ಟು ಬರುತ್ತದೆ. ಅರಕಲಗೂಡು ತಲುಪುವಷ್ಟರಲ್ಲಿ ಮಧ್ಯಾಹ್ನ ಎಂದು ಲೆಕ್ಕ ಹಾಕಿದ ಭಾವ ಧೃತಿಗೆಡಲಿಲ್ಲ. ಅಲ್ಲಿಂದ ಶನಿವಾರಸಂತೆ, ಸೋಮವಾರಪೇಟೆ ಮೇಲೆ ಕುಮಾರಧಾರೆಯ ಮಲ್ಲಳ್ಳಿ ಜಲಪಾತಕ್ಕೆ ಮೊದಲ ದಿನವನ್ನು ತಿರುಗಿಸಿ, ಮೂಕನಮನೆಯನ್ನು ಎರಡನೆಯ ದಿನಕ್ಕೆ ದೂಡಿದರು. ಮಲ್ಲಳ್ಳಿಯ ಮೆಟ್ಟಿಲಿನ ಕಾಲಂ ನೋಡಿ ದೊಡ್ಡಮ್ಮ ಮತ್ತೆ ಫೋನಿಟ್ಟರು.

ದಾರಿ ಸರಿಹೋದರೆ ದಿನ ಸರಿಹೋಗುವುದಿಲ್ಲ. ಜುಲೈ ಎಂದರೆ ಹೊಳೆನರಸೀಪುರದವರು ‘ನಾಲೆಗೆ ನೀರು ಬಿಡ್ತಾರೆ ಅಂತವ್ರೆ, ನಾಟಿ ಆಗ್ಲಿ ಅಣ್ಣ’ ಎನ್ನುತ್ತಾರೆ. ನಾಲೆಗೆ ನೀರು ಯಾವಾಗ ಬಿಡುತ್ತಾರೆಂದು ಬಾಯಲ್ಲೇ ಹೇಳಬಲ್ಲ ಭಾವನಿಗೆ ಇದಕ್ಕೆ ಎದುರಾಡಲು ಬಾಯಿಲ್ಲ. ಆಗಸ್ಟ್ ಎಂದರೆ ಅರಕಲಗೂಡಿನ ಷಡ್ಡಕನದು ಹೊಗೆಸೊಪ್ಪು. ‘ಬ್ಯಾರನ್‌ಗೆ ಬೆಂಕಿ ಹಾಕಿ ಕೂತಿದ್ದೀನಿ ಭಾವ, ರಾತ್ರಿಯೆಲ್ಲಾ ಉರಿ ನೋಡ್ಬೇಕು. ಸೊಪ್ಪು ಕೆಟ್ರೆ ರಾಮನಾಥಪುರದ ಹರಾಜಲ್ಲಿ ಮೂಸಿ ನೋಡೋರಿಲ್ಲ.’ ಅಷ್ಟರಲ್ಲಿ ವರಮಹಾಲಕ್ಷ್ಮಿ, ಗೌರಿ ಗಣೇಶ, ಪಿತೃಪಕ್ಷ, ದಸರಾ. ಪಿತೃಪಕ್ಷದಲ್ಲಿ ಒಂದು ವಾರ ಖಾಲಿ ಕಂಡಿತ್ತು. ಆ ಹದಿನೈದು ದಿನದಲ್ಲಿ ಪ್ರವಾಸ ಎಂದರೆ ಹಿರಿಯರು ಏನಂದುಕೊಂಡಾರು ಎಂದು ಅಕ್ಕನೇ ಹೊಡೆದು ಹಾಕಿದಳು. ದೀಪಾವಳಿ ಸಮೀಪಿಸಿದರೆ ಹಾಸನಾಂಬೆಯ ಬಾಗಿಲು ತೆರೆಯುತ್ತದೆ, ವರ್ಷಕ್ಕೊಮ್ಮೆ. ಅಮ್ಮನ ಬಾಗಿಲು ತೆರೆದಿರುವಷ್ಟು ದಿನ ಭಾವನ ಮನೆ ಬಾಗಿಲು ಮುಚ್ಚುವ ಹಾಗಿಲ್ಲ. ಟಿಟಿಯಲ್ಲಿ ಹೋಗಬೇಕಾದವರೆಲ್ಲ ದರ್ಶನಕ್ಕೆಂದು ತಾವಾಗಿಯೇ ಬಸ್ಸು ಹತ್ತಿ ಹಾಸನಕ್ಕೆ ಬಂದು ಅವರ ಹಾಲಿನಲ್ಲಿ ಚಾಪೆ ಹಾಸಿ ಮಲಗುತ್ತಾರೆ, ದೊಡ್ಡಮ್ಮನೂ ಸೇರಿ. ಅವರೆಲ್ಲ ಊರಿಗೆ ಮರಳಿದ ಮೇಲೆ ಪೂರ್ತಿ ಬಿಡುವು. ನೀರು ಮಾತ್ರ ಆಗ ಇಳಿಮುಖ. ಆಮೇಲೆ ಜಲಪಾತಕ್ಕೆ ಹೋಗುವುದು ಊಟದ ಮನೆಗೆ ಎಲೆ ಎತ್ತಿದ ಮೇಲೆ ಹೋದ ಹಾಗೆ.

ಮಳೆ ಜೋರಾಗಿದ್ದ ವರ್ಷ ಇನ್ನೊಂದು ಬಗೆ. 2021ರ ಜುಲೈನಲ್ಲಿ ದೋಣಿಗಾಲ್ ಬಳಿ ಹೆದ್ದಾರಿಯೇ ಕುಸಿದು ಶಿರಾಡಿ ಘಾಟಿ ಬಂದ್ ಆಯಿತು. ಮಂಗಳೂರಿಗೆ ಹೋಗುವವರು ತಲೆಯ ಮೇಲೆ ಕೈ ಹೊತ್ತರೆ, ಭಾವ ಹೊಸ ಹಾಳೆ ಅಂಟಿಸಿ ‘ಪರ್ಯಾಯ ಮಾರ್ಗ’ ಎಂದು ತಲೆಬರಹ ಕೊಟ್ಟರು. ಅವರ ಮುಖದಲ್ಲಿ ಅಂಥ ಉತ್ಸಾಹ ಮಗಳ ಮದುವೆಯಲ್ಲೂ ಕಂಡಿರಲಿಲ್ಲ. ನನಗನ್ನಿಸುವುದು, ಘಾಟಿ ತೆರೆದು, ನಾಟಿ ಮುಗಿದು, ಹಬ್ಬಗಳೆಲ್ಲ ದಾರಿ ಬಿಟ್ಟು ನಿಂತ ವರ್ಷವೇನಾದರೂ ಬಂದರೆ ಭಾವನಿಗೆ ಜ್ವರ ಬರುತ್ತದೆ. ಟಿಟಿಯವನಿಗೂ ಇದು ಗೊತ್ತು. ಭಾವನ ಫೋನು ಬಂದರೆ, ‘ಹೇಳಿ ಸಾರ್, ಈ ವರ್ಷಕ್ಕಾ, ಮುಂದಿನ ವರ್ಷಕ್ಕಾ?’ ಎಂದೇ ಮಾತು ಶುರುಮಾಡುತ್ತಾನೆ.

ಹಾಗೆಂದು ನೋಟ್‌ಬುಕ್ಕು ವ್ಯರ್ಥವಾಯಿತೆನ್ನುವಂತಿಲ್ಲ. ಪಕ್ಕದ ಮನೆಯ ಹುಡುಗಿ, ಬೆಂಗಳೂರಿನಲ್ಲಿ ಕೆಲಸ, ಅದರ ಪುಟಗಳನ್ನೆಲ್ಲ ಮೊಬೈಲಿನಲ್ಲಿ ಹೊಡೆದುಕೊಂಡು ಹೋಗಿ ಆಫೀಸಿನ ಗೆಳತಿಯರ ಜೊತೆ ನಾಲ್ಕೂ ದಿನ ಸುತ್ತಿ ಬಂದಳು. ಯಾರ ಮನೆಯ ಬಾಗಿಲಿಗೂ ಗಾಡಿ ಹೋಗಲಿಲ್ಲ. ‘ಅಂಕಲ್, ನಿಮ್ಮ ಪ್ಲಾನ್ ಸೂಪರ್’ ಎಂದು ಫೋಟೋ ಕಳಿಸಿದಳು. ಭಾವ ಕನ್ನಡಕ ಹಾಕಿಕೊಂಡು ಒಂದೊಂದನ್ನೇ ನೋಡಿದರು. ಅಕ್ಕ ಹೆಗಲ ಮೇಲಿಂದ ಬಗ್ಗಿ, ‘ಅಯ್ಯೋ, ಎಷ್ಟು ಚೆನ್ನಾಗೈತ್ರೀ ನೀರು’ ಎಂದಳು. ಭಾವ ನೀರು ನೋಡುತ್ತಿರಲಿಲ್ಲ. ಫೋಟೋದ ಮೂಲೆಯಲ್ಲಿ ಬಿದ್ದಿದ್ದ ಗಂಟೆ ನೋಡುತ್ತಿದ್ದರು. ‘ಮೂಕನಮನೇಲೇ ಹನ್ನೆರಡೂವರೆ! ನಾನು ಹಾಕಿದ್ದು ಹತ್ತೂ ನಲವತ್ತಕ್ಕೆ ಬಿಡಬೇಕು ಅಂತ.’ ಕೆಂಪು ಪೆನ್ನು ತೆಗೆದು ಆ ಸಾಲಿನ ಕೊನೆಯ ಕಾಲಂನಲ್ಲಿ ಬರೆದರು: ‘ವಿಳಂಬ 1 ಗಂಟೆ 50 ನಿಮಿಷ. ಕಾರಣ ಕೇಳಿ ನೋಟಿಸು ನೀಡುವುದು.’