ಅಲ್ಪಪ್ರಾಣದ ವೈರಿಗಳು

ಮೇಜಿನ ಸುತ್ತ ಕುಳಿತು ದಾಳ, ಪೆನ್ಸಿಲು ಮತ್ತು ಕಲ್ಪನೆಯ ಬಲದಿಂದ ಆಡುವ ಪಾತ್ರಧಾರಣೆಯ ಆಟಗಳಿಗೆ ಮೂಲಪುರುಷನೆನಿಸಿದ, ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿ 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನಲ್ಲಿ ಪ್ರತಿಯೊಂದು ಜೀವಿಗೂ ‘ಹಿಟ್ ಪಾಯಿಂಟ್’ ಎಂಬ ಲೆಕ್ಕವಿದ್ದು, ಏಟು ಬಿದ್ದಂತೆಲ್ಲ ಇಳಿಯುವ ಆ ಅಂಕೆ ಸೊನ್ನೆ ಮುಟ್ಟಿತೆಂದರೆ ಸಾಮಾನ್ಯ ರಾಕ್ಷಸನ ಕಥೆ ಮುಗಿಯಿತು. ಇದನ್ನು ಪ್ರಾಣವೆಂದು ಕರೆಯುವುದಾದರೆ, ವೈಯಾಕರಣರು ಅಕ್ಷರಗಳಿಗಾಗಿ ಮಾಡಿಟ್ಟ ವಿಂಗಡಣೆ ಈ ಜೀವಿಗಳಿಗೂ ಚೆನ್ನಾಗಿ ಒಪ್ಪುತ್ತದೆ: ನೂರಾರು ಅಂಕಗಳ ಮುದಿ ಡ್ರ್ಯಾಗನ್ ಮಹಾಪ್ರಾಣ, 2014ರ ಐದನೆಯ ಆವೃತ್ತಿಯಲ್ಲಿ ಕೇವಲ 5 ಅಂಕ ಪಡೆದ, ಹಲ್ಲಿಯ ಮೈಯ ಕುಳ್ಳ ಕೋಬೋಲ್ಡ್ ಶುದ್ಧ ಅಲ್ಪಪ್ರಾಣ. ಆಡುಮಾತಿನಲ್ಲಿ ಮಹಾಪ್ರಾಣಗಳು ಸದ್ದಿಲ್ಲದೆ ಸವೆದುಹೋಗಿ ಅಲ್ಪಪ್ರಾಣಗಳೇ ಉಳಿಯುವುದನ್ನು ಬಲ್ಲ ಕನ್ನಡಿಗರಿಗೆ ಮುಂದಿನ ವಾದ ವಿಚಿತ್ರವೆನಿಸಲಾರದು.

ಕೋಬೋಲ್ಡ್‌ಗಳ ದುರ್ಗತಿಗೆ ಮುಖ್ಯ ಕಾರಣ ಅವುಗಳ ದೌರ್ಬಲ್ಯವಲ್ಲ, ಅವುಗಳ ಮೇಲೆ ಹೇರಲಾದ ಶೌರ್ಯ. ಕಥೆಯನ್ನು ನಡೆಸುತ್ತ ಎಲ್ಲ ವೈರಿಗಳ ಪರವಾಗಿ ದಾಳ ಉರುಳಿಸುವ ಸೂತ್ರಧಾರನಿಗೆ ಡಂಜನ್ ಮಾಸ್ಟರ್ ಎಂದು ಹೆಸರು. ಅನನುಭವಿಯಾದ ಇಂಥ ಸೂತ್ರಧಾರನು, ಸಿನಿಮಾದಲ್ಲಿ ಖಳನಾಯಕನ ಬಂಟರು ಪಡಿತರದಂಗಡಿಯ ಮುಂದೆ ನಿಂತವರಂತೆ ಸರದಿ ಕಾದು ಒಬ್ಬೊಬ್ಬರಾಗಿ ನಾಯಕನಿಂದ ಒದೆಸಿಕೊಳ್ಳುವ ಸಂಪ್ರದಾಯವನ್ನೇ ಅನುಸರಿಸಿ, ಮೂರಡಿಯ ಜೀವಿಯನ್ನು ಉಕ್ಕಿನ ಕವಚದ ಯೋಧನೆದುರು ಹಾಡಹಗಲಲ್ಲಿ, ಬಟ್ಟಬಯಲಿನಲ್ಲಿ ನಿಲ್ಲಿಸುತ್ತಾನೆ. ಬಿಸಿಲಿನಲ್ಲಿ ಕೋಬೋಲ್ಡ್‌ನ ಗುರಿ ತಪ್ಪುತ್ತದೆಂದು ನಿಯಮಪುಸ್ತಕವೇ ಹೇಳಿರುವುದು ಅವನ ಕಣ್ಣಿಗೆ ಬಿದ್ದಿರುವುದಿಲ್ಲ.

ಅದೇ ಪುಸ್ತಕದ ಮುಂದಿನ ಸಾಲುಗಳನ್ನೂ ಓದಿದವನ ಲೆಕ್ಕಾಚಾರ ಬೇರೆಯಾಗುತ್ತದೆ. ದೇಹಕ್ಕೆ ಏಟು ತಾಗಲು ದಾಳದ ಮೊತ್ತ ಮುಟ್ಟಬೇಕಾದ ಅಂಕೆಗೆ ಆರ್ಮರ್ ಕ್ಲಾಸ್ ಎನ್ನುತ್ತಾರೆ. ಪೂರ್ಣ ಕವಚ ತೊಟ್ಟು ಗುರಾಣಿ ಹಿಡಿದವನಿಗೆ ಅದು 20. ಇಪ್ಪತ್ತು ಮುಖದ ದಾಳಕ್ಕೆ 4 ಕೂಡಿಸುವ ಕೋಬೋಲ್ಡ್‌ಗೆ 16 ಅಥವಾ ಅದಕ್ಕಿಂತ ಹೆಚ್ಚು ಬಿದ್ದರೆ ಮಾತ್ರ ಏಟು ತಾಗುವುದರಿಂದ ಸಾಧ್ಯತೆ ನೂರಕ್ಕೆ 25ರಷ್ಟೇ. ಆದರೆ ಗುರಿಯ ಐದಡಿಯೊಳಗೆ ಸಂಗಾತಿಯೊಂದು ನಿಂತಿದ್ದರೆ ದಾಳವನ್ನು ಎರಡು ಸಲ ಉರುಳಿಸಿ ದೊಡ್ಡದನ್ನು ಆರಿಸಿಕೊಳ್ಳುವ ‘ಪ್ಯಾಕ್ ಟ್ಯಾಕ್ಟಿಕ್ಸ್’, ಅಂದರೆ ಹಿಂಡಿನ ಹಕ್ಕು, ಈ ಜೀವಿಗಿದ್ದು, ಸಾಧ್ಯತೆ ಒಮ್ಮೆಲೇ ಸುಮಾರು 44ಕ್ಕೆ ಏರುತ್ತದೆ. ಎಂಟು ಕೋಬೋಲ್ಡ್‌ಗಳು ಸುತ್ತುವರಿದವೆಂದರೆ ಆರು ಸೆಕೆಂಡಿನ ಪ್ರತಿ ಸುತ್ತಿನಲ್ಲೂ ಸರಾಸರಿ ಮೂರೂವರೆ ಏಟು ಬೀಳುವುದರಿಂದ, ಕವಚಕ್ಕಾಗಿ 1,500 ಚಿನ್ನದ ನಾಣ್ಯ ಸುರಿದ ವೀರನು ಕಮ್ಮಾರನ ವಂಶಾವಳಿಯನ್ನು ನೆನೆಯತೊಡಗುತ್ತಾನೆ. (ಎಂಟಕ್ಕೆ ಹದಿನಾರು ದಾಳ ಉರುಳಿಸುವಷ್ಟರಲ್ಲಿ ಮೇಜಿನ ಮೇಲಿನ ಚಹಾ ಆರಿಹೋಗುತ್ತದೆಂಬ ಆಕ್ಷೇಪಣೆ ನ್ಯಾಯವಾದದ್ದೇ.)

ಆದರೂ ಹಿಂಡು ಅರ್ಧ ವಿದ್ಯೆ ಮಾತ್ರ, ಉಳಿದರ್ಧ ಹೇಡಿತನ. 1981ರ ಬೇಸಿಕ್ ಆವೃತ್ತಿಯು ಇದನ್ನು ಶಾಸ್ತ್ರೀಯವಾಗಿಯೇ ಒಪ್ಪಿಕೊಂಡು ಜೀವಿಗಳಿಗೆ ‘ಮೊರಾಲ್’ ಎಂಬ ಧೈರ್ಯದ ಅಂಕೆ ಕೊಟ್ಟಿತು. ತಮ್ಮವರಲ್ಲೊಬ್ಬ ಸತ್ತಾಗ ಎರಡು ಸಾಮಾನ್ಯ ದಾಳ ಉರುಳಿಸಿ, ಮೊತ್ತವು ಆ ಅಂಕೆಯನ್ನು ಮೀರಿದರೆ ಕಾಳಗ ಬಿಡಬೇಕು. ಕೋಬೋಲ್ಡ್‌ನ ಧೈರ್ಯ 6 ಆಗಿರುವುದರಿಂದ, ಹತ್ತರಲ್ಲಿ ಹೆಚ್ಚುಕಡಿಮೆ ಆರು ಬಾರಿ ಅದು ಕಾಲಿಗೆ ಬುದ್ಧಿ ಹೇಳುತ್ತದೆ. ಓಡುವ ಕೋಬೋಲ್ಡ್ ಸೋತಿತೆಂದು ಬೆನ್ನಟ್ಟಿದ ಯೋಧನು ಕುಳ್ಳರ ಅಳತೆಗೆ ಕೊರೆದ ಸುರಂಗದಲ್ಲಿ ಮೈ ಮುದುಡಿ ತೂರುವಾಗ, ಮತ್ತೆ ಐದನೆಯ ಆವೃತ್ತಿಯ ನಿಯಮದ ಪ್ರಕಾರ, ಅವನ ಹೊಡೆತಗಳು ಕೆಡುತ್ತವೆ, ಅವನಿಗೆ ಬೀಳುವ ಹೊಡೆತಗಳು ಸುಲಭವಾಗುತ್ತವೆ. ಇನ್ನು ಮಾಂತ್ರಿಕನ ‘ಫೈರ್‌ಬಾಲ್’ ಇಪ್ಪತ್ತಡಿ ತ್ರಿಜ್ಯದ ಬೆಂಕಿಯ ಗೋಳ. ಒತ್ತಾಗಿ ನಿಂತ ಮೂವತ್ತು ಕೋಬೋಲ್ಡ್‌ಗಳನ್ನು ಒಂದೇ ಉಸಿರಿನಲ್ಲಿ ಬೂದಿಮಾಡುವ ಈ ಮಂತ್ರವನ್ನು ಐದನೆಯ ಹಂತದ ಮಾಂತ್ರಿಕನು ವಿಶ್ರಾಂತಿಯಿಲ್ಲದೆ ಎರಡು ಸಲ ಮಾತ್ರ ಪ್ರಯೋಗಿಸಬಲ್ಲನಾದ್ದರಿಂದ, ಚದುರಿ ನಿಂತ ವೈರಿಗಳಲ್ಲಿ ಒಂದರ ಮೇಲೆ ಅವನು ರೇಗಿ ಅದನ್ನೆಸೆದನೆಂದರೆ, ಸುಟ್ಟುಹೋದ ಕೋಬೋಲ್ಡ್‌ಗೆ ವೀರಗಲ್ಲು ನೆಡಿಸುವುದು ಅದರ ಕುಲದ ಕರ್ತವ್ಯವಾಗುತ್ತದೆ.

ಈ ವಿದ್ಯೆಯ ಪರಮಾಚಾರ್ಯನೆಂದರೆ ಟಕರ್ ಎಂಬ ಡಂಜನ್ ಮಾಸ್ಟರ್. ಉತ್ತರ ಕೆರೊಲಿನಾದ ಫೋರ್ಟ್ ಬ್ರ್ಯಾಗ್ ಸೇನಾನೆಲೆಯಲ್ಲಿದ್ದಾಗ ಅವನ ಮೇಜಿನಲ್ಲಿ ಆಡಿದ್ದ ರೋಜರ್ ಮೂರ್, ‘ಡ್ರ್ಯಾಗನ್’ ಪತ್ರಿಕೆಯ 1987ರ ನವೆಂಬರ್ ಸಂಚಿಕೆಯ ಸಂಪಾದಕೀಯವನ್ನೇ ಆ ಕೋಬೋಲ್ಡ್‌ಗಳಿಗೆ ಮೀಸಲಿಟ್ಟರು. ಆರರಿಂದ ಹನ್ನೆರಡನೆಯ ಹಂತದವರೆಗಿನ ಬಲಾಢ್ಯರ ತಂಡವು ನೆಲಮಾಳಿಗೆಯ ಮೊದಲ ಅಂತಸ್ತಿಗೆ ಕಾಲಿಟ್ಟು ಅರವತ್ತಡಿ ನಡೆಯುವಷ್ಟರಲ್ಲಿ ಕೋಬೋಲ್ಡ್‌ಗಳು ಹಿಂದಿನ ಬಾಗಿಲನ್ನು ಭದ್ರಪಡಿಸಿ ಓಣಿಗೇ ಬೆಂಕಿಯಿಟ್ಟವು. ಗೋಡೆಯ ಕಿಂಡಿಗಳಿಂದ ಬಾಣ ಬಿಟ್ಟವು. ಉರಿಯುವ ಕಸದ ರಾಶಿಯನ್ನು ಉದ್ದನೆಯ ಕೋಲುಗಳಿಂದ ನೂಕುತ್ತ, ತಾವು ಎದುರಿಗೆ ಸಿಕ್ಕದೆ, ವೀರರನ್ನು ಅಟ್ಟಾಡಿಸಿದವು. ಆ ನೆಲಮಾಳಿಗೆಯ ಹತ್ತನೆಯ ಅಂತಸ್ತಿನಲ್ಲಿ ಮೈಯೆಲ್ಲ ಬೆಂಕಿಯಾದ ದೈತ್ಯಾಕಾರದ ಭೂತಗಳಿದ್ದವು. ಕೋಬೋಲ್ಡ್‌ಗಳ ಕೈಯಿಂದ ಪಾರಾದರೆ ಸಾಕೆಂದು ಹಗ್ಗ ಹಿಡಿದು ಕೆಳಗಿಳಿದ ಆ ತಂಡಕ್ಕೆ ಭೂತಗಳ ಮೋರೆ ನೋಡಿದ ಮೇಲೆ ಎಂಥದೋ ನೆಮ್ಮದಿಯಾಯಿತು.